ಈಥರ್ನೆಟ್ ಕೇಬಲ್‌ನಿಂದ ಯುಆರ್ ರೋಬೋಟ್ ನಡೆಸುವುದು: ಮೊದಲ ಪಿಂಗ್‌ನಿಂದ ವಾಚ್‌ಡಾಗ್‌ವರೆಗೆ

ಕಂಪ್ಯೂಟರ್‌ನಿಂದ ಒಂದು ಸಾಲು ಕಳಿಸಿ ರೋಬೋಟ್ ಕೈ ಆಡಿಸುವುದು ದೊಡ್ಡ ಕಷ್ಟ ಏನಲ್ಲ. ಕೇಬಲ್ ಹಾಕಿ, ಐಪಿ ಕೊಟ್ಟು, ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದರೆ ಆಗಿಹೋಗುತ್ತದೆ. ಕಷ್ಟ ಶುರುವಾಗುವುದು ಅದರ ನಂತರ. ಕಳಿಸಿದ ಆಜ್ಞೆ ತಲುಪಿತಾ, ರೋಬೋಟ್ ಈಗ ಯಾವ ಸ್ಥಿತಿಯಲ್ಲಿದೆ, ಕೆಲಸದ ಮಧ್ಯೆ ಯಾರೋ ಕೇಬಲ್ ಎಡವಿ ಕಿತ್ತರೆ ಅದು ನಿಲ್ಲುತ್ತಾ ಇಲ್ಲಾ ಓಡುತ್ತಲೇ ಇರುತ್ತಾ? ಈ ಮೂರಕ್ಕೂ ಉತ್ತರ ಗೊತ್ತಿಲ್ಲದೆ ಯಾರೂ ನೆಟ್‌ವರ್ಕ್ ಮೂಲಕ ರೋಬೋಟ್ ನಡೆಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಈ ಮಾರ್ಗದರ್ಶಿಯ ಅರ್ಧದಷ್ಟು ಜಾಗ ಅದಕ್ಕೇ ಹೋಗುತ್ತದೆ.

ಉದಾಹರಣೆಗೆ ತೆಗೆದುಕೊಂಡಿರುವುದು ಡೆನ್ಮಾರ್ಕ್‌ನ ಯುನಿವರ್ಸಲ್ ರೋಬೋಟ್ಸ್ (ಯುಆರ್) ಕಂಪನಿಯ ಇ-ಸೀರೀಸ್. ಓಡೆನ್ಸ ಊರಿನ ಈ ಕಂಪನಿ ಶುರುವಾದದ್ದು 2005ರಲ್ಲಿ, ಇ-ಸೀರೀಸ್ ಬಂದದ್ದು 2018ರಲ್ಲಿ. ಯುಆರ್5ಇ ಅಂದರೆ 5 ಕೆಜಿ ಎತ್ತುವ, 850 ಮಿಮೀ ದೂರ ಕೈ ಚಾಚುವ ಆರು ಜಾಯಿಂಟ್‌ಗಳ ರೋಬೋಟ್. ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ: ಇದರ ಪೋರ್ಟ್‌ಗಳೆಲ್ಲ (ನೆಟ್‌ವರ್ಕ್‌ನಲ್ಲಿ ಸಂಖ್ಯೆಯಿಂದ ಗುರುತಿಸುವ ಬಾಗಿಲುಗಳು) ತೆರೆದ ಪುಸ್ತಕದ ಹಾಗೆ, ಬೇಸಿಕ್ ಸಂಪರ್ಕಕ್ಕೆ ಬೇರೆ ಲೈಸೆನ್ಸ್ ಕೊಳ್ಳಬೇಕಿಲ್ಲ, ಮೇಲಾಗಿ ಇದರ ಸಿಮ್ಯುಲೇಟರ್ ಪುಕ್ಕಟೆಯಾಗಿ ಸಿಗುತ್ತದೆ. ಇಲ್ಲಿ ಹೇಳುವ ಮೆನುಗಳು ಪಾಲಿಸ್ಕೋಪ್ 5 ಸಾಫ್ಟ್‌ವೇರ್‌ನವು. ಆಜ್ಞೆಗಳನ್ನು ನಾನು ಉಚ್ಚಾರಣೆಯಂತೆ ಬರೆಯುತ್ತೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ.

ಮೊದಲು ಸೇಫ್ಟಿ, ಆಮೇಲೆ ಕೇಬಲ್

ಎಮರ್ಜೆನ್ಸಿ ಸ್ಟಾಪ್ ಯಾವತ್ತೂ ಈಥರ್ನೆಟ್ ಮೇಲೆ ನಿಲ್ಲಬಾರದು. ಸಾಫ್ಟ್‌ವೇರ್‌ನಿಂದ 'ಸ್ಟಾಪ್' ಅಂತ ಕಳಿಸುವುದು ಒಂದು ಕೋರಿಕೆ ಅಷ್ಟೇ. ಸ್ವಿಚ್ ಹ್ಯಾಂಗ್ ಆಗಿದ್ದರೆ, ನಿಮ್ಮ ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ, ಆ ಕೋರಿಕೆ ತಲುಪುವುದೇ ಇಲ್ಲ. ಕೆಂಪು ಬಟನ್, ಬಾಗಿಲಿನ ಸ್ವಿಚ್, ಲೈಟ್ ಕರ್ಟನ್ (ಯಾರಾದರೂ ಅಡ್ಡ ಬಂದರೆ ಗುರುತಿಸುವ ಬೆಳಕಿನ ಪರದೆ) ಎಲ್ಲವೂ ಕಂಟ್ರೋಲ್ ಬಾಕ್ಸ್ ಒಳಗಿನ ಹಳದಿ ಸೇಫ್ಟಿ ಟರ್ಮಿನಲ್‌ಗಳಿಗೆ ಎರಡೆರಡು ವೈರ್‌ನಲ್ಲಿ ಹೋಗಬೇಕು. ಒಂದು ವೈರ್ ತುಂಡಾದರೂ ರೋಬೋಟ್ ನಿಲ್ಲಲಿ ಅಂತಲೇ ಆ ಜೋಡಿ.

ಕೋಬಾಟ್ (ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡುವ ರೋಬೋಟ್) ಅಲ್ವಾ, ಮುಟ್ಟಿದರೆ ತಾನೇ ನಿಲ್ಲುತ್ತೆ ಅಂತ ಸುಮ್ನೆ ಬಿಡಬೇಡಿ. ತೋಳು ನಿಲ್ಲಬಹುದು, ಆದರೆ ಗ್ರಿಪ್ಪರ್‌ನಲ್ಲಿ ಹಿಡಿದಿರುವ ಚೂಪಾದ ಶೀಟ್ ಮೆಟಲ್ ತುಂಡಿಗೆ ಅದು ಗೊತ್ತಾಗಲ್ಲ. ಮೊದಲ ಪ್ರಯೋಗಗಳನ್ನು ಗ್ರಿಪ್ಪರ್ ಬಿಚ್ಚಿ ಮಾಡಿ, ಟೀಚ್ ಪೆಂಡೆಂಟ್ (ರೋಬೋಟ್ ಜೊತೆ ಬರುವ ಟಚ್‌ಸ್ಕ್ರೀನ್) ಕೈಯಲ್ಲಿ ಇರಲಿ, ಅದರ ಸ್ಪೀಡ್ ಸ್ಲೈಡರ್ 10 ಶೇಕಡಕ್ಕೆ ಇಳಿಸಿ.

ಇನ್ನೂ ಒಳ್ಳೆಯದು ಅಂದರೆ ಮೊದಲ ವಾರ ರೋಬೋಟ್ ಹತ್ತಿರವೇ ಹೋಗದಿರುವುದು. ಯುಆರ್‌ಸಿಮ್ ಅನ್ನುವ ಸಿಮ್ಯುಲೇಟರ್ ಡಾಕರ್ ಇಮೇಜ್ (ಡಾಕರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಓಡುವ ಸಿದ್ಧ ಪ್ಯಾಕೇಜ್) ಆಗಿ ಸಿಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಓಡಿಸಿ, ಬ್ರೌಸರ್‌ನಲ್ಲಿ 6080 ಪೋರ್ಟ್ ತೆರೆದರೆ ಪೆಂಡೆಂಟ್ ಪರದೆಯೇ ಕಾಣುತ್ತದೆ. ಕೆಳಗೆ ಹೇಳುವ ಹೆಚ್ಚುಕಡಿಮೆ ಎಲ್ಲವನ್ನೂ ಅದರ ಮೇಲೆ ಮಾಡಿ ನೋಡಬಹುದು. ಡಿಕ್ಕಿ, ತೂಕ, ಕೇಬಲ್ ಗಂಟಾಗುವುದು ಇವು ಮಾತ್ರ ಅದಕ್ಕೆ ತಿಳಿಯಲ್ಲ.

ಕೇಬಲ್ ಮತ್ತು ಐಪಿ

ಕಂಟ್ರೋಲ್ ಬಾಕ್ಸ್‌ನ ತಳಭಾಗದಲ್ಲಿ ಈಥರ್ನೆಟ್ ಸಾಕೆಟ್ ಇದೆ. ಶೀಲ್ಡ್ ಇರುವ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಹಾಕಿ, ಉದ್ದ 100 ಮೀಟರ್ ಮೀರಬಾರದು. ಪೀಣ್ಯದಂಥ ಕಡೆ ಶಾಪ್ ಫ್ಲೋರ್‌ನಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಿರುತ್ತದೆ: ವಿಎಫ್‌ಡಿಯಿಂದ (ಮೋಟಾರ್ ವೇಗ ಬದಲಿಸುವ ಡ್ರೈವ್) ಮೋಟಾರ್‌ಗೆ ಹೋಗುವ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ನೆಟ್‌ವರ್ಕ್ ಕೇಬಲ್ ಎಳೆದರೆ, ಮೋಟಾರ್ ಓಡುವಾಗ ಮಾತ್ರ ಸಂಪರ್ಕ ಕೈಕೊಡುತ್ತದೆ, ನಿಂತಾಗ ಎಲ್ಲ ಸರಿ ಇರುತ್ತದೆ. ಅಂಥ ದೋಷ ಹುಡುಕುವುದಕ್ಕಿಂತ ಬೇರೆ ಟ್ರೇ ಹಾಕುವುದು ಸುಲಭ. ವೈಫೈ ಬೇಡ. ಸ್ಥಿತಿ ನೋಡಲು ಪರವಾಗಿಲ್ಲ, ಚಲನೆ ನಡೆಸಲು ಬೇಡವೇ ಬೇಡ.

ಪೆಂಡೆಂಟ್‌ನಲ್ಲಿ ಮೇಲಿನ ಬಲಮೂಲೆಯ ಮೂರು ಗೆರೆ ಮುಟ್ಟಿ, ಸೆಟ್ಟಿಂಗ್ಸ್, ಸಿಸ್ಟಮ್, ನೆಟ್‌ವರ್ಕ್‌ಗೆ ಹೋಗಿ. ಡಿಎಚ್‌ಸಿಪಿ (ವಿಳಾಸ ತಾನಾಗಿ ಸಿಗುವ ವ್ಯವಸ್ಥೆ) ಬಿಟ್ಟು ಸ್ಟ್ಯಾಟಿಕ್ (ಬದಲಾಗದ) ಅಡ್ರೆಸ್ ಆರಿಸಿ. ಡಿಎಚ್‌ಸಿಪಿ ಇಟ್ಟರೆ ಒಂದು ದಿನ ಕರೆಂಟ್ ಹೋಗಿ ಬಂದ ಮೇಲೆ ರೋಬೋಟ್‌ನ ವಿಳಾಸ ಬದಲಾಗಿರಬಹುದು, ಆಗ ನಿಮ್ಮ ಪ್ರೋಗ್ರಾಂ ಬೇರೆ ಯಾವುದೋ ಯಂತ್ರಕ್ಕೆ ಮಾತಾಡಿಸುತ್ತಾ ಕೂತಿರುತ್ತದೆ. ರೋಬೋಟ್‌ಗೆ 192.168.1.10, ಕಂಪ್ಯೂಟರ್‌ಗೆ 192.168.1.100, ಎರಡಕ್ಕೂ ಮಾಸ್ಕ್ 255.255.255.0 ಕೊಡಿ. ಆಮೇಲೆ ಕಂಪ್ಯೂಟರ್‌ನಿಂದ ಪಿಂಗ್ ಮಾಡಿ, ಅಂದರೆ ರೋಬೋಟ್ ನೆಟ್‌ವರ್ಕ್‌ನಲ್ಲಿ ಉತ್ತರಿಸುತ್ತದೆಯೇ ಅಂತ ಕೇಳಿ ನೋಡಿ. ಉತ್ತರ ಬಾರದೆ ಮುಂದೆ ಹೋಗಬೇಡಿ. ಪಿಂಗ್ ಆಗದಿದ್ದರೆ ತೊಂದರೆ ಕೇಬಲ್, ಮಾಸ್ಕ್ ಇಲ್ಲವೇ ಒಂದೇ ಐಪಿ ಎರಡು ಕಡೆ ಇರುವುದು, ಸಾಮಾನ್ಯವಾಗಿ ಇಷ್ಟರಲ್ಲೇ ಇರುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ರೋಬೋಟ್‌ನ ಆಜ್ಞೆ ಪೋರ್ಟ್‌ಗಳು ಪಾಸ್‌ವರ್ಡ್ ಕೇಳುವುದಿಲ್ಲ. ಅದೇ ನೆಟ್‌ವರ್ಕ್‌ನಲ್ಲಿ ಇರುವ ಯಾರು ಬೇಕಾದರೂ ಅದನ್ನು ಅಲ್ಲಾಡಿಸಬಹುದು. ಹಾಗಾಗಿ ಆಫೀಸಿನ ನೆಟ್‌ವರ್ಕ್‌ಗೆ ನೇರ ಸೇರಿಸಬೇಡಿ, ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಇಂಟರ್ನೆಟ್‌ಗಂತೂ ಬಿಡಲೇಬೇಡಿ. ಕಂಪ್ಯೂಟರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಇರಲಿ, ಒಂದು ಆಫೀಸಿನ ಕಡೆ, ಒಂದು ರೋಬೋಟ್ ಕಡೆ, ಎರಡನ್ನೂ ಬ್ರಿಡ್ಜ್ ಮಾಡದೆ. ಹೊಸ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್ ಒಳಗಿನ ಸೆಕ್ಯುರಿಟಿಯಲ್ಲಿ ಯಾವ ಸರ್ವಿಸ್ ತೆರೆದಿರಬೇಕು, ಯಾವ ಸಬ್‌ನೆಟ್‌ನಿಂದ ಮಾತ್ರ ಬರಬಹುದು ಅಂತ ಕಟ್ಟುಹಾಕಬಹುದು. ಬೇಕಾದ್ದನ್ನು ಮಾತ್ರ ತೆರೆಯಿರಿ. ಪಿಂಗ್ ಆಗುತ್ತೆ ಆದರೆ ಪೋರ್ಟ್ ಸಿಗಲ್ಲ ಅಂದರೆ ಮೊದಲು ನೋಡಬೇಕಾದ ಜಾಗವೂ ಇದೇ.

ರಿಮೋಟ್ ಮೋಡ್

ಇ-ಸೀರೀಸ್‌ನಲ್ಲಿ ತುಂಬಾ ಜನ ಮುಗ್ಗರಿಸುವುದು ಇಲ್ಲಿ. ಸೆಟ್ಟಿಂಗ್ಸ್, ಸಿಸ್ಟಮ್, ರಿಮೋಟ್ ಕಂಟ್ರೋಲ್‌ಗೆ ಹೋಗಿ ಎನೇಬಲ್ ಮಾಡಿದರೆ ಸಾಲದು. ಆಮೇಲೆ ಪರದೆಯ ಮೇಲಿನ ಲೋಕಲ್ ಚಿಹ್ನೆ ಮುಟ್ಟಿ ರಿಮೋಟ್‌ಗೆ ಬದಲಿಸಬೇಕು. ಲೋಕಲ್‌ನಲ್ಲಿ ಇರುವಾಗ ಹೊರಗಿನಿಂದ ಬಂದ ಚಲನೆಯ ಸ್ಕ್ರಿಪ್ಟ್ ತಿರಸ್ಕಾರವಾಗುತ್ತದೆ, ರಿಮೋಟ್‌ನಲ್ಲಿ ಇರುವಾಗ ಪೆಂಡೆಂಟ್‌ನಿಂದ ತೋಳನ್ನು ಸರಿಸಲು ಆಗುವುದಿಲ್ಲ. ಒಂದು ಹೊತ್ತಿಗೆ ಒಬ್ಬರ ಕೈಯಲ್ಲಿ ಮಾತ್ರ ಹಿಡಿತ ಇರಬೇಕು ಅನ್ನುವುದು ಇದರ ಉದ್ದೇಶ. ರೋಬೋಟ್ ಪಕ್ಕ ನಿಂತು ಕೆಲಸ ಮಾಡುವವನಿಗೆ ಇದು ಜೀವದ ಪ್ರಶ್ನೆ. ಅವನು ಲೋಕಲ್‌ಗೆ ಹಾಕಿಕೊಂಡು ಒಳಗೆ ಹೋದನೆಂದರೆ, ದೂರದಲ್ಲಿ ಕೂತಿರುವ ನಿಮ್ಮ ಪ್ರೋಗ್ರಾಂ ಅವನ ಮೇಲೆ ತೋಳು ಬೀಸಬಾರದು. ಪೆಂಡೆಂಟ್‌ನ ಕೆಂಪು ಬಟನ್ ಎರಡೂ ಮೋಡ್‌ನಲ್ಲಿ ಕೆಲಸ ಮಾಡುತ್ತದೆ.

ಡ್ಯಾಶ್‌ಬೋರ್ಡ್: 29999

ಮೊದಲು ಮಾತಾಡಿಸಬೇಕಾದ ಪೋರ್ಟ್ ಇದು. ಬರೀ ಟೆಕ್ಸ್ಟ್. ಪುಟ್ಟಿ ಅಥವಾ ಟೆಲ್ನೆಟ್‌ನಲ್ಲಿ 192.168.1.10ರ 29999ಕ್ಕೆ ಹೋದರೆ ಡ್ಯಾಶ್‌ಬೋರ್ಡ್ ಸರ್ವರ್‌ಗೆ ಸಂಪರ್ಕ ಆಯಿತು ಅನ್ನುವ ಸಾಲು ಬರುತ್ತದೆ. ಈಗ 'ರೋಬೋಟ್‌ಮೋಡ್' ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಪವರ್ ಇಲ್ಲದಿದ್ದರೆ 'ಪವರ್ ಆಫ್' ಅಂತ ಉತ್ತರ. 'ಈಸ್ ಇನ್ ರಿಮೋಟ್ ಕಂಟ್ರೋಲ್' ಅಂತ ಕೇಳಿ, 'ಟ್ರೂ' ಬರಬೇಕು. ಆಮೇಲೆ 'ಪವರ್ ಆನ್'. ತಕ್ಷಣ 'ಪವರಿಂಗ್ ಆನ್' ಅನ್ನುವ ಉತ್ತರ ಬರುತ್ತದೆ.

ಇಲ್ಲಿ ನಿಲ್ಲಿ. ಆ ಉತ್ತರದ ಅರ್ಥ ಪವರ್ ಬಂತು ಅಂತಲ್ಲ. ಆಜ್ಞೆ ಸಿಕ್ಕಿತು, ಕೆಲಸ ಶುರು ಮಾಡಿದ್ದೇನೆ ಅಂತ ಮಾತ್ರ. ನಿಜವಾದ ಸ್ಥಿತಿ ತಿಳಿಯಲು ಅರ್ಧ ಸೆಕೆಂಡಿಗೊಮ್ಮೆ 'ರೋಬೋಟ್‌ಮೋಡ್' ಕೇಳುತ್ತಲೇ ಇರಬೇಕು: 'ಬೂಟಿಂಗ್' ಆಗಿ, 'ಐಡಲ್' ಆಗುತ್ತದೆ. ಐಡಲ್ ಬಂದ ಮೇಲೆ 'ಬ್ರೇಕ್ ರಿಲೀಸ್' ಕಳಿಸಿ. ಟಕಟಕ ಅಂತ ಒಂದೊಂದೇ ಜಾಯಿಂಟ್‌ನ ಬ್ರೇಕ್ ಬಿಡುವ ಸದ್ದು ಕೇಳುತ್ತದೆ, ತೋಳು ಕೂದಲೆಳೆಯಷ್ಟು ಅಲುಗುತ್ತದೆ, ಸ್ಥಿತಿ 'ರನ್ನಿಂಗ್' ಆಗುತ್ತದೆ. ಅಲ್ಲಿಯವರೆಗೆ ಕಾಯದೆ ಮುಂದಿನ ಆಜ್ಞೆ ಕಳಿಸಿದರೆ ಅದು ಹೋದದ್ದೇ ಗೊತ್ತಾಗದೆ ಮಾಯವಾಗುತ್ತದೆ. ಹತ್ತು ಸೆಕೆಂಡ್ ಸ್ಲೀಪ್ ಹಾಕಿ ಪಾರಾಗುವ ಕೋಡ್ ತುಂಬಾ ಕಡೆ ಕಾಣುತ್ತದೆ. ಹಾಗೆ ಮಾಡಬೇಡಿ. ಸ್ಥಿತಿ ಕೇಳಿ, ಬಾರದಿದ್ದರೆ ಮಿತಿ ಹಾಕಿಕೊಂಡು ದೋಷ ತೋರಿಸಿ.

ಪೆಂಡೆಂಟ್‌ನಲ್ಲಿ ಮೊದಲೇ ಬರೆದಿಟ್ಟ ಪ್ರೋಗ್ರಾಂ ಇದ್ದರೆ 'ಲೋಡ್' ಮತ್ತು ಫೈಲ್ ಹೆಸರು, ಆಮೇಲೆ 'ಪ್ಲೇ', 'ಪಾಜ್' (ತಾತ್ಕಾಲಿಕವಾಗಿ ನಿಲ್ಲಿಸಲು), 'ಸ್ಟಾಪ್'. ಬಹಳ ಕೆಲಸಗಳಿಗೆ ಇಷ್ಟೇ ಸಾಕು. ಸಿಎನ್‌ಸಿ ಯಂತ್ರಕ್ಕೆ ಜಾಬ್ ಇಟ್ಟು ತೆಗೆಯುವ ಕೆಲಸದಲ್ಲಿ ಚಲನೆ ಯಾವಾಗಲೂ ಅದೇ ಅಲ್ವಾ? ಯಾವ ಪ್ರೋಗ್ರಾಂ ಯಾವಾಗ ಓಡಬೇಕು ಅಂತ ಮಾತ್ರ ಹೊರಗಿನಿಂದ ಹೇಳಿದರೆ ಮುಗಿಯಿತು. ಇದರಲ್ಲಿ ಕೆಲಸ ಆಗುವುದಾದರೆ ಮುಂದಿನ ಮೆಟ್ಟಿಲು ಹತ್ತಬೇಡಿ.

ಸ್ಕ್ರಿಪ್ಟ್ ಕಳಿಸುವುದು: 30002

ಯುಆರ್‌ಸ್ಕ್ರಿಪ್ಟ್ ಅನ್ನುವುದು ಈ ರೋಬೋಟ್‌ನ ಸ್ವಂತ ಭಾಷೆ. 30001, 30002, 30003 ಈ ಮೂರೂ ಪೋರ್ಟ್‌ಗಳು ಅದನ್ನು ಸ್ವೀಕರಿಸುತ್ತವೆ. ಮೊದಲ ಎರಡು ಸೆಕೆಂಡಿಗೆ 10 ಸಲ ಸ್ಥಿತಿಯ ಮಾಹಿತಿ ಕಳಿಸುತ್ತವೆ, ಮೂರನೆಯದು ಇ-ಸೀರೀಸ್‌ನಲ್ಲಿ 500 ಸಲ.

ಮೊದಲ ಚಲನೆ ಚಿಕ್ಕದಾಗಿರಲಿ. 'ಡೆಫ್' ಅಂತ ಒಂದು ಫಂಕ್ಷನ್ ತೆರೆಯಿರಿ. ಒಳಗೆ 'ಗೆಟ್ ಆಕ್ಚುವಲ್ ಜಾಯಿಂಟ್ ಪೊಸಿಷನ್ಸ್' ಕರೆದು (ಯುಆರ್‌ಸ್ಕ್ರಿಪ್ಟ್‌ನ ಇಂಥ ಎಲ್ಲ ಹೆಸರುಗಳಲ್ಲೂ ಪದಗಳ ನಡುವೆ ಅಂಡರ್‌ಸ್ಕೋರ್) ಈಗಿನ ಆರು ಕೋನಗಳನ್ನು 'ಕ್ಯೂ' ಅನ್ನುವ ಪಟ್ಟಿಗೆ ತೆಗೆದುಕೊಳ್ಳಿ. ಪಟ್ಟಿಯ 5ನೇ ಸ್ಥಾನಕ್ಕೆ, ಅಂದರೆ 0ಯಿಂದ ಎಣಿಸಿದರೆ ಕೊನೆಯ ಜಾಯಿಂಟ್‌ಗೆ, 0.1 ಕೂಡಿಸಿ. ಆಮೇಲೆ 'ಮೂವ್‌ಜೆ'ಗೆ (ಕೊಟ್ಟ ಕೋನಗಳಿಗೆ ಜಾಯಿಂಟ್‌ಗಳನ್ನು ಸರಿಸುವ ಆಜ್ಞೆ) ಆ ಕ್ಯೂ ಕೊಟ್ಟು ವೇಗವರ್ಧನೆ 0.3, ವೇಗ 0.1 ಹಾಕಿ, 'ಎಂಡ್' ಅಂತ ಮುಗಿಸಿ. ಪೈಥಾನ್‌ನ ಸಾಕೆಟ್‌ನಿಂದ (ಪ್ರೋಗ್ರಾಂ ತೆರೆಯುವ ನೆಟ್‌ವರ್ಕ್ ಸಂಪರ್ಕ) ಇದನ್ನು 30002ಕ್ಕೆ ಕಳಿಸಿದರೆ ತುದಿಯ ಫ್ಲ್ಯಾಂಜ್ ಸುಮಾರು 6 ಡಿಗ್ರಿ ತಿರುಗಿ ನಿಲ್ಲುತ್ತದೆ, ಸ್ಪೀಡ್ ಸ್ಲೈಡರ್ 100 ಶೇಕಡದಲ್ಲಿದ್ದರೆ ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಇಳಿಸಿದ್ದರೆ ಇನ್ನೂ ಹೆಚ್ಚು. ಎಲ್ಲೋ ಇಂಟರ್ನೆಟ್‌ನಲ್ಲಿ ಸಿಕ್ಕ ಆರು ಸಂಖ್ಯೆಗಳನ್ನು ಹಾಕಿ ಶುರು ಮಾಡುವುದಕ್ಕಿಂತ ಇದು ಎಷ್ಟೋ ಮೇಲು, ಯಾಕೆಂದರೆ ತೋಳು ಎಲ್ಲಿದ್ದರೂ ಅಲ್ಲಿಂದ ಅಷ್ಟೇ ಅಲುಗುತ್ತದೆ.

ಸಾಲಿನ ಕೊನೆಗೆ ನ್ಯೂಲೈನ್ ಇರಲೇಬೇಕು. ಅದಿಲ್ಲದಿದ್ದರೆ ರೋಬೋಟ್ ಇನ್ನೂ ಏನೋ ಬರಬೇಕು ಅಂತ ಕಾಯುತ್ತಾ ಇರುತ್ತದೆ, ದೋಷವನ್ನೂ ಹೇಳುವುದಿಲ್ಲ.

ಕೋನಗಳೆಲ್ಲ ರೇಡಿಯನ್‌ನಲ್ಲಿ. 1.5 ಡಿಗ್ರಿ ಅಂದುಕೊಂಡು 1.5 ಬರೆದರೆ 86 ಡಿಗ್ರಿ ಬೀಸುತ್ತದೆ, ಇದು ನಿಜವಾಗಲೂ ಪೆಟ್ಟು ಮಾಡುವ ತಪ್ಪು. ದೂರ ಮೀಟರ್‌ನಲ್ಲಿ, ಮಿಮೀ ಅಲ್ಲ. ಇನ್ನು 'ಮೂವ್‌ಎಲ್'ಗೆ (ತುದಿಯನ್ನು ನೇರ ಗೆರೆಯಲ್ಲಿ ಸರಿಸುವ ಆಜ್ಞೆ) ಕೊಡುವ ಪೋಸ್‌ನ (ತುದಿಯ ಸ್ಥಾನ ಮತ್ತು ದಿಕ್ಕು) ಕೊನೆಯ ಮೂರು ಸಂಖ್ಯೆಗಳು ರೋಲ್, ಪಿಚ್, ಯಾ (ಮೂರು ಅಕ್ಷಗಳ ಸುತ್ತಲಿನ ಕೋನಗಳು) ಅಲ್ಲ, ರೊಟೇಶನ್ ವೆಕ್ಟರ್ (ತಿರುಗುವ ಅಕ್ಷವನ್ನೂ ಕೋನವನ್ನೂ ಒಟ್ಟಿಗೆ ಹೇಳುವ ಸಂಖ್ಯೆಗಳು). ನಿಮ್ಮ ಕ್ಯಾಮೆರಾ ಸಾಫ್ಟ್‌ವೇರ್ ರೋಲ್, ಪಿಚ್, ಯಾ ಕೊಟ್ಟರೆ ಸ್ಕ್ರಿಪ್ಟ್‌ನಲ್ಲೇ ಇರುವ 'ಆರ್‌ಪಿವೈ2ರಾಟ್‌ವೆಕ್' ಬಳಸಿ ಬದಲಿಸಿ, ಸುಮ್ನೆ ಹಾಗೇ ತುರುಕಬೇಡಿ.

ಒಂದು ಸ್ಕ್ರಿಪ್ಟ್ ಓಡುತ್ತಿರುವಾಗ ಇನ್ನೊಂದು ಕಳಿಸಿದರೆ ಮೊದಲಿನದು ಅಲ್ಲೇ ನಿಂತು ಹೊಸದು ಶುರುವಾಗುತ್ತದೆ. ಸಾಲಾಗಿ ಕಾಯುವುದಿಲ್ಲ. ಐದು ಮೂವ್‌ಜೆಗಳನ್ನು ಒಂದರ ಹಿಂದೆ ಒಂದು ಕಳಿಸಿ ಕೊನೆಯದು ಮಾತ್ರ ನಡೆಯಿತು ಅಂತ ತಲೆಕೆಡಿಸಿಕೊಳ್ಳುವವರಿಗೆ ಉತ್ತರ ಇದು: ಐದನ್ನೂ ಒಂದೇ ಡೆಫ್ ಒಳಗೆ ಹಾಕಿ. ಚಲನೆ ಇಲ್ಲದ ಚಿಕ್ಕ ಕೆಲಸಕ್ಕೆ, ಅಂದರೆ ಒಂದು ಡಿಜಿಟಲ್ ಔಟ್‌ಪುಟ್ ಆನ್ ಮಾಡುವುದಕ್ಕೆ, ಡೆಫ್ ಬದಲು 'ಸೆಕ್' ಬಳಸಿದರೆ ಓಡುತ್ತಿರುವ ಪ್ರೋಗ್ರಾಂಗೆ ಧಕ್ಕೆ ಆಗುವುದಿಲ್ಲ.

ಈ ಪೋರ್ಟ್ ಸರಿ, ತಪ್ಪು ಅಂತ ಉತ್ತರ ಕೊಡಲ್ಲ. ಸ್ಕ್ರಿಪ್ಟ್‌ನಲ್ಲಿ ತಪ್ಪಿದ್ದರೆ ಪೆಂಡೆಂಟ್‌ನ ಲಾಗ್ ಟ್ಯಾಬ್ ನೋಡಿ. ಜೊತೆಗೆ, ನೀವು ಕೇಳದಿದ್ದರೂ ಅದು ಮಾಹಿತಿ ಸುರಿಯುತ್ತಲೇ ಇರುತ್ತದೆ. ಸಾಕೆಟ್ ತೆರೆದಿಟ್ಟು ಓದದೆ ಬಿಟ್ಟರೆ ಬಫರ್ ತುಂಬಿ ಸಂಪರ್ಕ ಹಾಳಾಗುತ್ತದೆ. ಓದಿ ಎಸೆಯಲು ಒಂದು ಥ್ರೆಡ್ (ಪ್ರೋಗ್ರಾಂ ಒಳಗೆ ಪಕ್ಕದಲ್ಲೇ ಓಡುವ ಭಾಗ) ಇಡಿ, ಇಲ್ಲವಾದರೆ ಕಳಿಸಿದ ಮೇಲೆ ಮುಚ್ಚಿ.

ರೋಬೋಟ್ ಕೇಳಲಿ, ಕಂಪ್ಯೂಟರ್ ಹೇಳಲಿ

ಕ್ಯಾಮೆರಾ ಇಟ್ಟು ಭಾಗಗಳನ್ನು ಎತ್ತಿಸುವ ಕೆಲಸಕ್ಕೆ ನನಗೆ ಇಷ್ಟವಾದ ದಾರಿ ಇದು. ಕಂಪ್ಯೂಟರ್ ಸರ್ವರ್ ಆಗುತ್ತದೆ, ರೋಬೋಟ್ ಕ್ಲೈಂಟ್. ರೋಬೋಟ್ ಪ್ರೋಗ್ರಾಂನಲ್ಲಿ 'ಸಾಕೆಟ್ ಓಪನ್' ಮಾಡಿ 192.168.1.100, ಪೋರ್ಟ್ 50000 ಕೊಡಿ. ಅದು ಟ್ರೂ ಕೊಡುವವರೆಗೆ ಲೂಪ್‌ನಲ್ಲಿ ಕಾಯಿಸಿ. ಟ್ರೂ ಬಾರದಿದ್ದರೆ ಸಾಮಾನ್ಯವಾಗಿ ವಿಂಡೋಸ್ ಫೈರ್‌ವಾಲ್ ತಡೆದಿರುತ್ತದೆ. ಆಮೇಲೆ ರೋಬೋಟ್ ತಾನು ಸಿದ್ಧವಾದಾಗ 'ಸಾಕೆಟ್ ಸೆಂಡ್ ಲೈನ್'ನಿಂದ ಒಂದು ಪದ ಕಳಿಸುತ್ತದೆ, ಕಂಪ್ಯೂಟರ್ ಚಿತ್ರ ತೆಗೆದು (0.25, -0.30, 0.10) ಅಂತ ಆವರಣದ ಒಳಗೆ ಕೋಮಾ ಹಾಕಿ ಉತ್ತರ ಕಳಿಸುತ್ತದೆ. 'ಸಾಕೆಟ್ ರೀಡ್ ಆಸ್ಕಿ ಫ್ಲೋಟ್' 3 ಅಂತ ಓದಿದರೆ ನಾಲ್ಕು ಸಂಖ್ಯೆಗಳ ಪಟ್ಟಿ ಸಿಗುತ್ತದೆ. ಮೊದಲನೆಯದು ಎಷ್ಟು ಸಂಖ್ಯೆ ಬಂತು ಅನ್ನುವ ಲೆಕ್ಕ, ಇಲ್ಲಿ 3. ಕ್ಯಾಮೆರಾ ಮೌಲ್ಯ ಶುರುವಾಗುವುದು ಎರಡನೆಯದರಿಂದ. ಎರಡು ಸೆಕೆಂಡ್‌ನಲ್ಲಿ ಉತ್ತರ ಬಾರದಿದ್ದರೆ ಆ ಲೆಕ್ಕ 0 ಆಗಿರುತ್ತದೆ.

ಆ ಮೊದಲ ಸಂಖ್ಯೆ 3 ಇದೆಯಾ ಅಂತ ನೋಡದೆ ಚಲನೆಗೆ ಹೋಗಬಾರದು. 3 ಇದ್ದರೂ ಸಾಲದು. ಎಕ್ಸ್, ವೈ, ಜೆಡ್ ಮೂರೂ ನಿಮ್ಮ ಟ್ರೇಯ ಮಿತಿಯೊಳಗೆ ಇವೆಯಾ ಅಂತ ರೋಬೋಟ್ ಕಡೆಯ ಪ್ರೋಗ್ರಾಂನಲ್ಲೇ ಪರೀಕ್ಷಿಸಿ. ಕ್ಯಾಮೆರಾ ಮೇಲೆ ಬಿಸಿಲು ಬಿದ್ದು ಅಡ್ಡಾದಿಡ್ಡಿ ಸಂಖ್ಯೆ ಕೊಟ್ಟರೂ ತೋಳು ಟ್ರೇ ದಾಟಿ ಹೋಗಬಾರದು. ಇದರ ಮೇಲೊಂದು ರಕ್ಷಣೆಯಾಗಿ ಇನ್‌ಸ್ಟಾಲೇಶನ್, ಸೇಫ್ಟಿ, ಪ್ಲೇನ್ಸ್‌ನಲ್ಲಿ ಗಡಿ ಹಾಕಿ. ಅದನ್ನು ಯಾವ ಸ್ಕ್ರಿಪ್ಟೂ ಮೀರಲಾರದು.

ಆರ್‌ಟಿಡಿಇ: 30004

ಆರ್‌ಟಿಡಿಇ ಅಂದರೆ ರಿಯಲ್ ಟೈಮ್ ಡೇಟಾ ಎಕ್ಸ್‌ಚೇಂಜ್. ನಿರಂತರ ಮಾಹಿತಿ ಬೇಕಾದರೆ, ಅಥವಾ ಓಡುತ್ತಿರುವ ಪ್ರೋಗ್ರಾಂಗೆ ಸಂಖ್ಯೆಗಳನ್ನು ತಳ್ಳುತ್ತಲೇ ಇರಬೇಕಾದರೆ ಇದು ಸರಿಯಾದ ಜಾಗ. ಏನೇನು ಬೇಕು ಅಂತ ಮೊದಲೇ ಪಟ್ಟಿ ಕೊಡುತ್ತೀರಿ, ಅದಕ್ಕೆ ರೆಸಿಪಿ ಅನ್ನುತ್ತಾರೆ: ಜಾಯಿಂಟ್ ಕೋನಗಳು, ತುದಿಯ ಸ್ಥಾನ, ರೋಬೋಟ್ ಮೋಡ್, ಸೇಫ್ಟಿ ಸ್ಥಿತಿ ಹೀಗೆ. ಇ-ಸೀರೀಸ್‌ನಲ್ಲಿ ಸೆಕೆಂಡಿಗೆ 500 ಸಲದವರೆಗೆ ಸಿಗುತ್ತದೆ, ಆದರೆ ಪರದೆ ಮೇಲೆ ತೋರಿಸಲು 10 ಸಾಕು. ಕಂಪನಿಯೇ ಪೈಥಾನ್ ಲೈಬ್ರರಿ ಕೊಟ್ಟಿದೆ, ಬೈಟ್‌ಗಳನ್ನು ನೀವೇ ಬಿಡಿಸುವ ಕಷ್ಟ ಬೇಡ.

ಕಂಪ್ಯೂಟರ್‌ನಿಂದ ರೋಬೋಟ್‌ಗೆ ಸಂಖ್ಯೆ ಕಳಿಸಲು ಇನ್‌ಪುಟ್ ರಿಜಿಸ್ಟರ್‌ಗಳಿವೆ (ಒಂದೊಂದು ಸಂಖ್ಯೆ ಹಿಡಿದಿಡುವ ಖಾನೆಗಳು). ಪೂರ್ಣಾಂಕಕ್ಕೆ 48, ದಶಮಾಂಶಕ್ಕೆ 48, ಎರಡರಲ್ಲೂ 0ಯಿಂದ 47. ಇದರಲ್ಲಿ 0ಯಿಂದ 23 ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಟ್ರೋಲರ್) ಕಡೆಯ ಫೀಲ್ಡ್‌ಬಸ್‌ಗೆ (ಯಂತ್ರಗಳ ನಡುವಿನ ನೆಟ್‌ವರ್ಕ್) ಮೀಸಲು, ನೀವು 24ರಿಂದ 47 ಬಳಸಿ. ಒಂದು ರಿಜಿಸ್ಟರ್‌ಗೆ ಬರೆಯುವ ಹಕ್ಕು ಒಂದು ಸಂಪರ್ಕಕ್ಕೆ ಮಾತ್ರ. ಹಳೆಯ ಪ್ರೋಗ್ರಾಂ ಹಿನ್ನೆಲೆಯಲ್ಲಿ ಇನ್ನೂ ಓಡುತ್ತಿದ್ದರೆ ಹೊಸದಕ್ಕೆ 'ಇನ್ ಯೂಸ್' ಅಂತ ಬರುತ್ತದೆ.

ಕೇಬಲ್ ಕಿತ್ತರೆ?

ಇದು ಎಲ್ಲಕ್ಕಿಂತ ಮುಖ್ಯ. 30002ಕ್ಕೆ ಒಂದು ಉದ್ದದ ಸ್ಕ್ರಿಪ್ಟ್ ಕಳಿಸಿ ಕೇಬಲ್ ಎಳೆದುಬಿಡಿ. ರೋಬೋಟ್ ನಿಲ್ಲುವುದಿಲ್ಲ. ಸ್ಕ್ರಿಪ್ಟ್ ಆಗಲೇ ಕಂಟ್ರೋಲರ್ ಒಳಗೆ ಹೋಗಿದೆ, ಅದು ಕೊನೆಯವರೆಗೆ ಓಡುತ್ತದೆ. ಸ್ಕ್ರಿಪ್ಟ್‌ನಲ್ಲಿ ಕೊನೆಯಿಲ್ಲದ ಲೂಪ್ ಇದ್ದರೆ ಕೊನೆಯಿಲ್ಲದೆ ಓಡುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಸಂಪರ್ಕ ಹೋಯಿತು ಅಂತ ಕೆಂಪು ಅಕ್ಷರ ಬಂದಿರುತ್ತದೆ, ತೋಳು ಆರಾಮವಾಗಿ ಕೆಲಸ ಮಾಡುತ್ತಿರುತ್ತದೆ.

ಇದಕ್ಕೆ ಪರಿಹಾರ ವಾಚ್‌ಡಾಗ್. ರೋಬೋಟ್ ಪ್ರೋಗ್ರಾಂನ ಶುರುವಿನಲ್ಲೇ 'ಆರ್‌ಟಿಡಿಇ ಸೆಟ್ ವಾಚ್‌ಡಾಗ್' ಕರೆಯಿರಿ. ಮೂರು ವಿಷಯ ಕೊಡಬೇಕು: ಯಾವ ರಿಜಿಸ್ಟರ್ (24ನೇ ಇನ್‌ಪುಟ್ ಪೂರ್ಣಾಂಕ ಇಟ್ಟುಕೊಳ್ಳಿ), ಸೆಕೆಂಡಿಗೆ ಕನಿಷ್ಠ ಎಷ್ಟು ಸಲ ಬರೆಯಬೇಕು (10), ತಪ್ಪಿದರೆ ಏನು ಮಾಡಬೇಕು ('ಸ್ಟಾಪ್'). ಈಗ ಕಂಪ್ಯೂಟರ್ ಆ ರಿಜಿಸ್ಟರ್‌ಗೆ ಸೆಕೆಂಡಿಗೆ 50 ಸಲ ಬರೆಯುತ್ತಿರಲಿ. ಕೇಬಲ್ ಹೋದರೆ, ಕಂಪ್ಯೂಟರ್ ಹ್ಯಾಂಗ್ ಆದರೆ, ರೋಬೋಟ್ ತಾನೇ ಪ್ರೋಗ್ರಾಂ ನಿಲ್ಲಿಸುತ್ತದೆ. ಒಂದು ಎಚ್ಚರಿಕೆ: ಈ ಬರೆಯುವ ಕೆಲಸವನ್ನು ಬೇರೆ ಥ್ರೆಡ್‌ಗೆ ಕೊಟ್ಟು ಮುಖ್ಯ ಲಾಜಿಕ್ ಸತ್ತರೂ ಅದು ಬರೆಯುತ್ತಲೇ ಇರುವಂತೆ ಮಾಡಬೇಡಿ. ಮುಖ್ಯ ಲೂಪ್ ಒಂದು ಸುತ್ತು ಮುಗಿಸಿದಾಗ ಮಾತ್ರ ಬರೆಯಬೇಕು. ಹಾಗೇ, ವಾಚ್‌ಡಾಗ್ ಸೇಫ್ಟಿ ಸರ್ಕ್ಯೂಟ್‌ಗೆ ಬದಲಿಯಲ್ಲ, ಹಳದಿ ಟರ್ಮಿನಲ್‌ನ ವೈರ್‌ಗಳು ಅಲ್ಲೇ ಇರಬೇಕು.

ಆಮೇಲೆ ನಿಜವಾಗಿಯೂ ಪರೀಕ್ಷಿಸಿ. ನಿಧಾನ ವೇಗದಲ್ಲಿ ಓಡಿಸಿ ರೋಬೋಟ್ ಕಡೆಯ ಕೇಬಲ್ ಎಳೆಯಿರಿ, ಇನ್ನೊಮ್ಮೆ ಸ್ವಿಚ್‌ನ ಪವರ್ ತೆಗೆಯಿರಿ, ಇನ್ನೊಮ್ಮೆ ಟಾಸ್ಕ್ ಮ್ಯಾನೇಜರ್‌ನಲ್ಲಿ ನಿಮ್ಮ ಪ್ರೋಗ್ರಾಂ ಕೊಲ್ಲಿ. ಪ್ರತಿ ಸಲವೂ ತೋಳು ನಿಲ್ಲಬೇಕು, ಕೇಬಲ್ ವಾಪಸ್ ಹಾಕಿದಾಗ ತಾನಾಗಿ ಶುರುವಾಗಬಾರದು.

ಪಿಎಲ್‌ಸಿ ಇದ್ದರೆ, ಬೇರೆ ರೋಬೋಟ್ ಆದರೆ

ಸೆಲ್‌ನಲ್ಲಿ (ರೋಬೋಟ್ ಇರುವ ಕೆಲಸದ ಜಾಗ) ಈಗಾಗಲೇ ಪಿಎಲ್‌ಸಿ ಇದ್ದರೆ ಸಾಕೆಟ್ ಕೋಡ್ ಬರೆಯುವುದು ಬೇಡ. ರೋಬೋಟ್ 502 ಪೋರ್ಟ್‌ನಲ್ಲಿ ಮಾಡ್‌ಬಸ್ ಟಿಸಿಪಿ ಸರ್ವರ್ ಆಗಿದೆ, 128ರಿಂದ 255ರವರೆಗಿನ ರಿಜಿಸ್ಟರ್‌ಗಳು ನಿಮ್ಮ ಬಳಕೆಗೆ. ಸೀಮೆನ್ಸ್ ಆದರೆ ಪ್ರೊಫಿನೆಟ್, ರಾಕ್‌ವೆಲ್ ಆದರೆ ಈಥರ್ನೆಟ್/ಐಪಿ, ಎರಡಕ್ಕೂ ಇನ್‌ಸ್ಟಾಲೇಶನ್‌ನ ಫೀಲ್ಡ್‌ಬಸ್‌ನಲ್ಲಿ ಬೆಂಬಲ ಇದೆ.

ಎಬಿಬಿ ಕಂಪನಿಯ ರೋಬೋಟ್‌ಗಳಲ್ಲಿ ಹೊರಗಿನಿಂದ ನಿರಂತರ ಚಲನೆ ನಡೆಸಲು ಇಜಿಎಂ ಇದೆ, ಅದು ಯುಡಿಪಿ (ತಲುಪಿತೇ ಅಂತ ಖಾತ್ರಿ ಮಾಡಿಕೊಳ್ಳದೆ ಕಳಿಸುವ ವಿಧಾನ) ಮೇಲೆ. ಕೂಕಾ ಕಂಪನಿಯ ಆರ್‌ಎಸ್‌ಐ ಕೂಡ ಯುಡಿಪಿ, ಅದರಲ್ಲಿ ಎಕ್ಸ್‌ಎಂಎಲ್ ಹೋಗುತ್ತದೆ. ಎರಡೂ ಆಯ್ಕೆಯಾಗಿ ಬೇರೆ ಕೊಳ್ಳಬೇಕಾದವು, ಹಾಗಾಗಿ ರೋಬೋಟ್ ಆರ್ಡರ್ ಮಾಡುವಾಗಲೇ ಕೇಳಿ ಸೇರಿಸಿಕೊಳ್ಳಿ.

ರಾತ್ರಿ ಪಾಳಿಯವರಿಗೆ ಒಪ್ಪಿಸುವ ಮುಂಚೆ ಪ್ಯಾನಲ್ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿ. ರೋಬೋಟ್‌ನ ಐಪಿ, ಕಂಪ್ಯೂಟರ್‌ನ ಐಪಿ, ಯಾವ ಪೋರ್ಟ್ ಯಾವ ಕೆಲಸಕ್ಕೆ, ರಿಜಿಸ್ಟರ್ 24 ವಾಚ್‌ಡಾಗ್‌ಗೆ ಅಂತ ಬರೆದಿರಲಿ. ಪ್ರೊಟೆಕ್ಟಿವ್ ಸ್ಟಾಪ್ (ಡಿಕ್ಕಿಯಂಥ ಕಾರಣಕ್ಕೆ ರೋಬೋಟ್ ತಾನೇ ನಿಲ್ಲುವುದು) ಆದರೆ ಏನು ಮಾಡಬೇಕು ಅನ್ನುವುದೂ ಇರಲಿ: ಮೊದಲು ಹತ್ತಿರ ಹೋಗಿ ಯಾಕೆ ನಿಂತಿತು ಅಂತ ಕಣ್ಣಾರೆ ನೋಡಬೇಕು, ಅಡ್ಡ ಇದ್ದದ್ದನ್ನು ತೆಗೆಯಬೇಕು, ಆಮೇಲೆ ಅನ್‌ಲಾಕ್. ಡ್ಯಾಶ್‌ಬೋರ್ಡ್‌ನಿಂದ 'ಅನ್‌ಲಾಕ್ ಪ್ರೊಟೆಕ್ಟಿವ್ ಸ್ಟಾಪ್' ಕಳಿಸಬಹುದು, ನಿಂತು 5 ಸೆಕೆಂಡ್ ಆಗುವವರೆಗೆ ಅದು ಒಪ್ಪುವುದಿಲ್ಲ. ಆದರೆ ಆ ಆಜ್ಞೆಯನ್ನು ನಿಮ್ಮ ಪ್ರೋಗ್ರಾಂನಲ್ಲಿ ತಾನಾಗಿ ಹೋಗುವಂತೆ ಹಾಕಬೇಡಿ, ಒಬ್ಬ ಮನುಷ್ಯ ನೋಡಿ ಬಟನ್ ಒತ್ತಿದ ಮೇಲೆಯೇ ಹೋಗಲಿ.